ಬದುವಿನ ಮಣ್ಣು, ಹೊಲದ ಮಣ್ಣು

ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿಡಬೇಕು. ಹೊಲದ ನಡುವಿನಿಂದ ಲಿಂಬೆಹಣ್ಣಿನ ಗಾತ್ರದ ಒಣ ಹೆಂಟೆಯೊಂದನ್ನು ತರಬೇಕು. ಅದೇ ಹೊಲದ ಬದುವಿನಲ್ಲಿ, ಹುಲ್ಲಿನ ಬುಡದಿಂದ ಇನ್ನೊಂದನ್ನು ಕೀಳಬೇಕು. ಎರಡನ್ನೂ ಮೆಲ್ಲಗೆ ನೀರಿಗಿಳಿಸಿ ಕಾಯಬೇಕು. ವರ್ಷವರ್ಷವೂ ಟ್ರ್ಯಾಕ್ಟರ್ ಉಳುಮೆ ಕಂಡು, ಚೀಲದ ಗೊಬ್ಬರವನ್ನಷ್ಟೇ ಉಂಡ ಹೊಲದ ಹೆಂಟೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬಿರಿದು, ಕುಸಿದು, ತಳದಲ್ಲಿ ರಾಡಿಯಾಗಿ ಕೂರುತ್ತದೆ. ಬದುವಿನ ಹೆಂಟೆ ಗುಳ್ಳೆ ಬಿಡುತ್ತ ನೀರು ಕುಡಿಯುತ್ತದೆ, ಆದರೆ ಆಕಾರ ಬಿಟ್ಟುಕೊಡುವುದಿಲ್ಲ.

ಎರಡೂ ಒಂದೇ ನೆಲದ ಮಣ್ಣು, ನಡುವೆ ಹತ್ತು ಹೆಜ್ಜೆ ದೂರ. ಬದುವಿನ ಮಣ್ಣಿನ ಕಣಗಳನ್ನು ಹುಲ್ಲಿನ ಬೇರು, ಶಿಲೀಂಧ್ರದ ನೂಲು, ಸೂಕ್ಷ್ಮಜೀವಿಗಳು ಒಸರುವ ಅಂಟು ಹಿಡಿದಿಟ್ಟಿವೆ. ಅಲ್ಲಿ ನೇಗಿಲು ಆಡಿಲ್ಲ, ನೆಲ ಬರಿದಾಗಿ ಬಿಸಿಲಿಗೆ ಬಿದ್ದಿಲ್ಲ. ಹೊಲದಲ್ಲಿ ಆ ಅಂಟು ಕರಗಿದೆ. ಜೋರು ಮಳೆ ಬಿದ್ದಾಗ ನೀರು ಇಂಗದೆ ಮೇಲೆಯೇ ಹರಿದು, ಹಳ್ಳವನ್ನು ಕೆಂಪಗೋ ಕಪ್ಪಗೋ ಮಾಡಿ ಹೋಗುವುದು ಇದೇ ಕಾರಣಕ್ಕೆ. ಎರಡು ವಾರ ಮಳೆ ತಡೆದರೆ ಅದೇ ಹೊಲ ಬಾಡುವುದೂ ಇದೇ ಕಾರಣಕ್ಕೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಹತ್ತು ಹೆಜ್ಜೆಯ ಅಂತರ ಹೇಗೆ ಹುಟ್ಟಿತು? ಅದನ್ನು ಮತ್ತೆ ಮುಚ್ಚಲು ಆದೀತೇ? ಈ ಪ್ರಶ್ನೆಗೆ ಜಗತ್ತು ಈಗ ಇಟ್ಟಿರುವ ಹೆಸರು ರಿಜನರೇಟಿವ್ ಕೃಷಿ. ಕನ್ನಡದಲ್ಲಿ ಪುನಶ್ಚೇತನ ಕೃಷಿ ಎನ್ನಬಹುದು.

ಹೆಸರು ಹೊಸದು, ಬೇರು ಹಳೆಯದು

1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ರೋಡೇಲ್ ಈ ಮಾತನ್ನು ಚಾಲ್ತಿಗೆ ತಂದರು. ಮಣ್ಣು ಇದ್ದ ಹಾಗೆ ಉಳಿದರೆ ಸಾಲದು, ಬೆಳೆ ತೆಗೆಯುತ್ತ ಹೋದಂತೆ ಅದು ಮೊದಲಿಗಿಂತ ಸುಧಾರಿಸಬೇಕು ಎಂಬುದು ಅವರ ವಾದ. ಅದಕ್ಕೆ ಇಂದು ಹೇಳುವ ದಾರಿಗಳು ಐದು: ಉಳುಮೆ ಕಡಿಮೆ ಮಾಡುವುದು, ನೆಲವನ್ನು ಬರಿದಾಗಿ ಬಿಡದಿರುವುದು, ಒಂದೇ ಬೆಳೆಗೆ ಅಂಟಿಕೊಳ್ಳದಿರುವುದು, ವರ್ಷದಲ್ಲಿ ಆದಷ್ಟು ದಿನ ನೆಲದಲ್ಲಿ ಜೀವಂತ ಬೇರು ಇರುವಂತೆ ನೋಡಿಕೊಳ್ಳುವುದು, ದನಕರು ಕುರಿಗಳನ್ನು ಹೊಲದ ಲೆಕ್ಕಕ್ಕೆ ಮರಳಿ ಸೇರಿಸುವುದು.

ರೋಡೇಲ್ ಕುಟುಂಬಕ್ಕೆ ದಾರಿ ತೋರಿದವರಲ್ಲಿ ಒಬ್ಬರು ಇಂಗ್ಲೆಂಡಿನ ಆಲ್ಬರ್ಟ್ ಹೊವಾರ್ಡ್. ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಇಲ್ಲಿನ ರೈತರು ತಿಪ್ಪೆ ಕೂಡಿಸುವ ಬಗೆಯನ್ನು ಕಂಡು ಇಂದೋರ್ ಕಾಂಪೋಸ್ಟ್ ವಿಧಾನವನ್ನು ರೂಪಿಸಿದವರು. ಅಂದರೆ ಭಾರತದ ಹೊಲಗಳಿಂದ ಹೋದ ವಿಚಾರವೇ ಸಾಗರ ದಾಟಿ ಹೊಸ ಹೆಸರಿನಲ್ಲಿ ಮರಳಿದೆ. ಕನ್ನಡಕ್ಕೆ ಇದು ಇನ್ನೊಂದು ದಾರಿಯಿಂದಲೂ ಬಂತು. ಜಪಾನಿನ ಮಸನೊಬು ಫುಕುವೋಕಾ ಅವರ ವಿಚಾರವನ್ನು ಪೂರ್ಣಚಂದ್ರ ತೇಜಸ್ವಿ 'ಸಹಜ ಕೃಷಿ'ಯ ಮೂಲಕ ಕನ್ನಡದ ಓದುಗರಿಗೆ ಮುಟ್ಟಿಸಿದರು. ದೊಡ್ಡಬಳ್ಳಾಪುರದ ಬಳಿ ಎಲ್. ನಾರಾಯಣ ರೆಡ್ಡಿ ತಮ್ಮ ಹೊಲವನ್ನೇ ಪಾಠಶಾಲೆ ಮಾಡಿ 2019ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ಸುಭಾಷ್ ಪಾಳೇಕರರ ಶೂನ್ಯ ಬಂಡವಾಳ ಕೃಷಿಯನ್ನೂ ಅದರ ಸೆಗಣಿ-ಗಂಜಲದ ಜೀವಾಮೃತವನ್ನೂ ರೈತಸಂಘ ಹಳ್ಳಿಹಳ್ಳಿಗೆ ಹಬ್ಬಿಸಿತು.

ಆದರೆ ಈ ನಾಲ್ಕು ತಾಲ್ಲೂಕುಗಳಿಗೆ ಮಣ್ಣು ಕಟ್ಟುವ ವಿದ್ಯೆ ಹೊರಗಿನಿಂದಲೇ ಬರಬೇಕಾಗಿರಲಿಲ್ಲ.

ಮೂರು ಆಳ, ಮೂರು ಕಾಲ

ರಾಜ್ಯದ 10 ಕೃಷಿ ಹವಾಮಾನ ವಲಯಗಳ ಪಟ್ಟಿಯಲ್ಲಿ ಹಾನಗಲ್ ಗುಡ್ಡಗಾಡು ವಲಯಕ್ಕೆ ಸೇರುತ್ತದೆ. ಉಳಿದ ಮೂರು ಉತ್ತರದ ಪರಿವರ್ತನಾ ವಲಯಕ್ಕೆ, ಜನರ ಮಾತಿನಲ್ಲಿ ಅರೆಮಲೆನಾಡಿಗೆ, ಸೇರುತ್ತವೆ. ಪಶ್ಚಿಮಕ್ಕೆ ಮುಂಡಗೋಡದ ಕಾಡಿನ ಅಂಚು, ಧರ್ಮಾ ನದಿಯ ನೀರುಂಡ ಗದ್ದೆ, ಊರಿಗೊಂದು ಕೆರೆ. ಪೂರ್ವಕ್ಕೆ ಸವಣೂರಿನ ಕಡೆ ನಡೆದಂತೆ ಮಳೆ ಇಳಿಯುತ್ತದೆ, ಎರೆ ಭೂಮಿ ಹರಡಿಕೊಳ್ಳುತ್ತದೆ. ದಕ್ಷಿಣಕ್ಕೆ ಹಿರೇಕೆರೂರಿನ ಕಡೆ ಕುಮುದ್ವತಿಯ ಬಯಲು, ಮಸಾರಿ ಹೊಲ, ಮದಗ ಮಾಸೂರಿನ ದೊಡ್ಡ ಕೆರೆ. ಒಂದೇ ಜಿಲ್ಲೆಯೊಳಗೆ ಇಷ್ಟು ಬಗೆಯ ನೆಲ ಇದ್ದಾಗ ಬೇಸಾಯವೂ ಒಂದೇ ಅಚ್ಚಿನದಾಗಿರಲು ಸಾಧ್ಯವಿರಲಿಲ್ಲ.

ಶಿಗ್ಗಾವಿ, ಸವಣೂರಿನ ಎರೆ ಹೊಲಗಳ ಹಳೆಯ ಪದ್ಧತಿ ಎಂದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವುದು. ಉಳ್ಳಾಗಡ್ಡಿಯ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಅದು ಮೊದಲು ಕಿತ್ತು ಬಂದು ಮನೆಗೆ ಮೊದಲ ಕಾಸು ತರುತ್ತದೆ. ಅದು ಬಿಟ್ಟ ಜಾಗದಲ್ಲಿ ಮೆಣಸಿನ ಗಿಡ ಹರವಿಕೊಳ್ಳುತ್ತದೆ. ಹತ್ತಿ ತಾಯಿಬೇರನ್ನು ಆಳಕ್ಕಿಳಿಸಿ, ಹಿಂಗಾರು ಮುಗಿದ ಮೇಲೂ ಎರೆಯ ಹಸಿ ಹೀರುತ್ತ ನಿಲ್ಲುತ್ತದೆ. ಮೂರು ಆಳದ ಬೇರು, ಮೂರು ಹೊತ್ತಿನ ಕೊಯ್ಲು. ಒಂದರ ಬೆಲೆ ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಈ ಮಿಶ್ರ ಬೆಳೆಯನ್ನು ಹಲವು ಬಗೆಯಲ್ಲಿ ಅಳೆದು ನೋಡಿದ್ದಾರೆ. ನೆಲ ಹೆಚ್ಚು ದಿನ ಮುಚ್ಚಿರುವುದು, ಬೇರು ಹೆಚ್ಚು ದಿನ ಜೀವಂತ ಇರುವುದು ಎಂದು ಪುನಶ್ಚೇತನ ಕೃಷಿ ಹೇಳುವುದು ಇದನ್ನೇ.

ಹಾನಗಲ್ ಕಡೆಗೆ ಕೂರಿಗೆ ಭತ್ತ. ಕೆಸರು ಮಾಡಿ ನಾಟಿ ಹಾಕುವ ಬದಲು, ರೋಹಿಣಿ ಮಳೆಯ ಹೊತ್ತಿಗೆ ಒಣ ಗದ್ದೆಗೆ ಕೂರಿಗೆಯಿಂದ ಸಾಲು ಬಿತ್ತುತ್ತಾರೆ. ಬಿದ್ದ ಮಳೆಗೆ ಸಸಿ ಎದ್ದು, ಮುಂದೆ ನೀರು ನಿಂತರೆ ನೀರಿನಲ್ಲೂ ಬೆಳೆಯುತ್ತದೆ. ಗದ್ದೆಯನ್ನು ಕಲಕಿ ಕಲಕಿ ಮಣ್ಣಿನ ಕಟ್ಟು ಒಡೆಯುವುದಿಲ್ಲವಾದ್ದರಿಂದ, ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಕಡಲೆಯನ್ನೋ ಇನ್ನೊಂದು ಕಾಳನ್ನೋ ಬಿತ್ತಲು ಬರುತ್ತದೆ. ಇಂದು ನೀರು, ಕೂಲಿ ಎರಡನ್ನೂ ಉಳಿಸುವ ನೇರ ಬಿತ್ತನೆ ಭತ್ತವೆಂದು ದೇಶದ ಬೇರೆಡೆ ಪ್ರಚಾರವಾಗುತ್ತಿರುವ ಪದ್ಧತಿಗೆ ಇಲ್ಲಿ ತಲೆಮಾರುಗಳ ರೂಢಿ ಇದೆ.

ಸವಣೂರಿನ ವೀಳ್ಯದೆಲೆ ತೋಟಕ್ಕೆ ಹೋದರೆ ಮಣ್ಣು ಕಟ್ಟುವುದು ಕಣ್ಣಿಗೇ ಕಾಣುತ್ತದೆ. ಬಳ್ಳಿಗೆ ಆಸರೆ ಚೊಗಚಿ, ನುಗ್ಗೆಯಂಥ ಗಿಡ. ಚೊಗಚಿ ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ಉದುರುವ ಎಲೆ ನೆಲಕ್ಕೆ ಹೊದಿಕೆಯಾಗುತ್ತದೆ. ಎಲೆ ಕೊಯ್ದು ಕೊಯ್ದು ಬಳ್ಳಿ ತೀರಾ ಮೇಲೇರಿದಾಗ ಅದನ್ನು ಇಳಿಸುತ್ತಾರೆ. ಉದ್ದದ ಬಳ್ಳಿಯನ್ನು ಆಸರೆಯಿಂದ ಬಿಡಿಸಿ, ಬುಡದಲ್ಲಿ ಸುರುಳಿ ಸುತ್ತಿ, ತುದಿಯನ್ನು ಮಾತ್ರ ಮತ್ತೆ ಗಿಡಕ್ಕೆ ಕಟ್ಟಿ, ಸುರುಳಿಯ ಮೇಲೆ ಗೊಬ್ಬರ ಮತ್ತು ಹೊಸ ಮಣ್ಣು ಏರಿಸುತ್ತಾರೆ. ಹೂತ ಬಳ್ಳಿಯ ಗೆಣ್ಣುಗೆಣ್ಣಿನಲ್ಲೂ ಹೊಸ ಬೇರು ಬಿಡುತ್ತದೆ. ಸಣ್ಣ ಜಾಗ, ಕೈಯ ಕೆಲಸ, ಪ್ರತಿ ಸಲವೂ ಬುಡಕ್ಕೆ ಮೊದಲಿಗಿಂತ ಹೆಚ್ಚು ಮಣ್ಣು.

ಇವೆಲ್ಲದರ ಹಿಂದೆ ದನವಿತ್ತು, ಕುರಿಯಿತ್ತು, ಕೆರೆಯಿತ್ತು. ಮನೆಯ ಹಿತ್ತಲಿನ ತಿಪ್ಪೆಯಲ್ಲಿ ವರ್ಷವಿಡೀ ಹೆಂಡಿ, ಕಸ, ಬೂದಿ ಕೂಡಿ ಬೇಸಿಗೆಯಲ್ಲಿ ಚಕ್ಕಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಕೆರೆ ಬತ್ತಿದಾಗ ಗೋಡು ಹೇರಿ ಮಸಾರಿ ಹೊಲಕ್ಕೆ ಚೆಲ್ಲುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಕಾಳೋ ಹಣವೋ ಮಾತಾಡಿದಷ್ಟು ಕೊಡಬೇಕು. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎರಡೂ ಸಮನಾಗಿ ಹರಡಿರುತ್ತಿದ್ದವು, ಹೊರುವ ಕೂಲಿಯಿಲ್ಲ. ಮರುದಿನ ಮಂದೆ ನಾಲ್ಕು ಮಾರು ಸರಿದು ಕೂರುತ್ತಿತ್ತು. ಈ ಪದ್ಧತಿ ಇನ್ನೂ ಅಳಿದಿಲ್ಲ, ಬೇಸಿಗೆಯಲ್ಲಿ ಇಂದಿಗೂ ಮಂದೆಗಳು ಬರುತ್ತವೆ.

ಕಟ್ಟು ಸಡಿಲಿದ ಬಗೆ

ಈ ಏರ್ಪಾಟು ಒಂದೇ ದಿನ ಮುರಿಯಲಿಲ್ಲ. ಮುರಿದವರು ಮೂಢರೂ ಅಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರ ಶ್ರಮದಿಂದ ವರಲಕ್ಷ್ಮಿ ಹತ್ತಿ ಬಂತು. ಎರಡು ಬೇರೆ ಹತ್ತಿ ಜಾತಿಗಳನ್ನು ಕೂಡಿಸಿದ ಆ ಹೈಬ್ರಿಡ್‌ನ ಉದ್ದ ಎಳೆಗೆ ಒಳ್ಳೆಯ ಬೆಲೆಯಿತ್ತು, ಅನೇಕ ಮನೆಗಳು ಅದರಿಂದ ಎದ್ದು ನಿಂತವು. ಜೊತೆಗೆ ಅದು ನೀರು, ಗೊಬ್ಬರ, ಔಷಧಿ ಹೆಚ್ಚು ಕೇಳಿತು, ಬೀಜವನ್ನು ವರ್ಷವರ್ಷ ಕೊಳ್ಳಬೇಕಾಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಕೋಳಿ ಆಹಾರ ಮತ್ತು ಸ್ಟಾರ್ಚ್ ಉದ್ಯಮದ ಬೇಡಿಕೆ ಏರಿದಂತೆ ಗೋವಿನಜೋಳ ಹೊಲಗಳನ್ನು ತುಂಬಿತು. ರಾಜ್ಯದಲ್ಲಿ ಗೋವಿನಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಮುಂಚೂಣಿಯದು. ಹಾನಗಲ್ಲಿನಲ್ಲಿ ಭತ್ತದ ಗದ್ದೆಗಳಿಗೆ ಅಡಿಕೆ ಇಳಿಯಿತು.

ಗೋವಿನಜೋಳ ನೆಲದಿಂದ ಬಹಳ ಎಳೆಯುವ ಬೆಳೆ. ಎಕರೆಗೆ 20 ಕ್ವಿಂಟಲ್ ಕಾಳು ಬಂತೆಂದರೆ, ಕಾಳಿನ ಜೊತೆ ಸುಮಾರು 30 ಕೆ.ಜಿ. ಸಾರಜನಕ ಹೊಲ ಬಿಟ್ಟು ಹೋಯಿತೆಂದೇ ಲೆಕ್ಕ. ದಂಟು, ರವದಿಗೆ ಬೆಂಕಿಯಿಟ್ಟರೆ ಅದರಲ್ಲಿದ್ದದ್ದೂ ಹೋಯಿತು. ಅದನ್ನು ತುಂಬುವ ಸುಲಭ ದಾರಿ ಯೂರಿಯಾ ಚೀಲ. 2010ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಗೆ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟಿತು. ಡಿಎಪಿ, ಪೊಟ್ಯಾಷ್ ದುಬಾರಿಯಾದವು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ಅಗ್ಗವಿದ್ದದ್ದನ್ನು ರೈತ ಹೆಚ್ಚು ಚೆಲ್ಲಿದ. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ನೆರವಿನಿಂದ ರಾಜ್ಯ ಸರ್ಕಾರ ಆರಂಭಿಸಿದ ಭೂಚೇತನ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಹಾವೇರಿಯೂ ಇತ್ತು. ಆ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆಯನ್ನೂ ಸಾವಯವ ಇಂಗಾಲದ ಕುಸಿತವನ್ನೂ ಎತ್ತಿ ತೋರಿದವು. ಯೂರಿಯಾ ತುಂಬಿ ಕೊಡಲಾರದ ಕೊರತೆಗಳು ಇವು.

ಚೀಲದ ಮೇಲಿನ ಈ ಅವಲಂಬನೆ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಹಾವೇರಿ ಮರೆಯಲಾಗದ ದಿನವೊಂದಿದೆ. 2008ರ ಜೂನ್ 10ರಂದು, ಬಿತ್ತನೆಯ ಹೊತ್ತಿನಲ್ಲಿ, ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಜೀವ ಕಳೆದುಕೊಂಡರು. ಅಂದು ಅವರು ಕೇಳಿದ್ದು ನ್ಯಾಯವಾದದ್ದನ್ನೇ. ಹತ್ತು ದಿನ ಗೊಬ್ಬರ ತಡವಾದರೆ ವರ್ಷದ ಬದುಕೇ ಅಲುಗಾಡುವ ಸ್ಥಿತಿಗೆ ಹೊಲಗಳು ಬಂದು ನಿಂತಿದ್ದವು ಎಂಬುದು ಆ ಗೋಲಿಬಾರಿನ ಹಿಂದಿರುವ ಇನ್ನೊಂದು ನೋವು.

ಹತ್ತು ವರ್ಷಗಳ ಮೇಲೆ ಇನ್ನೊಂದು ಪೆಟ್ಟು. 2018ರ ಮೇ ತಿಂಗಳಲ್ಲಿ ಹಿರೇಕೆರೂರಿನ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಅಮೆರಿಕ ಖಂಡದ ಈ ಹುಳುವಿಗೆ ಮೈಲುಗಟ್ಟಲೆ ಒಂದೇ ಗೋವಿನಜೋಳ ಹಾಸಿದ ಬಯಲು ಸಿಕ್ಕಿತು. ಸುಳಿಯೊಳಗೆ ಕೂತ ಹುಳಕ್ಕೆ ಔಷಧಿ ತಾಗುವುದು ಕಷ್ಟ. ಆಗ ಮತ್ತೆ ನೆನಪಾದದ್ದು ಸುಳಿಗೆ ಮಣ್ಣು, ಬೂದಿ ಉದುರಿಸುವುದು, ನಡುವೆ ಕಾಳಿನ ಸಾಲು ಬಿಡುವುದು. ಹುಳುವಿಗೆ ರೋಗ ತರುವ ನೊಮುರಿಯಾ ಶಿಲೀಂಧ್ರವೂ ಮುಂದೆ ಬಂತು. ಎಲೆ ತಿನ್ನುವ ಬೇರೆ ಹುಳುಗಳ ಮೇಲೆ ಧಾರವಾಡದ ವಿಜ್ಞಾನಿಗಳು ಬಹಳ ಹಿಂದೆಯೇ ಪ್ರಯೋಗ ಮಾಡಿದ್ದ ಶಿಲೀಂಧ್ರ ಅದು.

ಮರಳುವ ದಾರಿಯ ವಾದ-ವಿವಾದ

ಸರ್ಕಾರಗಳು ಕೈಕಟ್ಟಿ ಕೂತಿಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಮೊದಲ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ರೈತ ಸಿರಿ ಯೋಜನೆ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿತು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ 2,481 ಕೋಟಿ ರೂಪಾಯಿಯ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಧಾರವಾಡ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿ ಸಂಸ್ಥೆಯಿದೆ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಆದರೆ ವಿಜ್ಞಾನಿಗಳೆಲ್ಲ ಒಂದೇ ಮಾತಿನವರಲ್ಲ. 2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ, ಶೂನ್ಯ ಬಂಡವಾಳ ಕೃಷಿಯ ಫಲಿತಾಂಶಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಆಕ್ಷೇಪ ಎತ್ತಿತು. ಅದರಲ್ಲಿ ತೂಕವಿದೆ. 200 ಲೀಟರ್ ಜೀವಾಮೃತಕ್ಕೆ ಬೇಕಾಗುವುದು 10 ಕೆ.ಜಿ. ಸೆಗಣಿ, ಒಂದಿಷ್ಟು ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಹಿಟ್ಟು, ಹಿಡಿ ಮಣ್ಣು. ಅದು ಸೂಕ್ಷ್ಮಜೀವಿಗಳನ್ನು ಕೆರಳಿಸಬಲ್ಲದು. ಆದರೆ ಗೋವಿನಜೋಳ ಒಯ್ದ 30 ಕೆ.ಜಿ. ಸಾರಜನಕವನ್ನು ಅದೊಂದೇ ತುಂಬಿಕೊಡಲಾರದು. ಆ ಕೊರತೆಯನ್ನು ಸೆಣಬಿನ ಹಸಿರೆಲೆ ಗೊಬ್ಬರ, ಹೆಸರು, ತೊಗರಿ, ಶೇಂಗಾ, ಕಡಲೆಯ ಬೇರು, ಸೆಗಣಿ, ಕುರಿಹಿಕ್ಕೆಗಳೇ ಕೂಡಿ ತುಂಬಬೇಕು.

ಅವಸರದ ಬೆಲೆ ಏನೆಂದು ಶ್ರೀಲಂಕಾ ತೋರಿಸಿತು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಭತ್ತ ಮತ್ತು ಚಹಾ ಬೆಳೆ ಹೊಡೆತ ತಿಂದವು, ಅದೇ ವರ್ಷದೊಳಗೆ ಆದೇಶ ಹಿಂದಕ್ಕೆ ಹೋಯಿತು. ಪಕ್ಕದ ಆಂಧ್ರಪ್ರದೇಶ 2016ರಿಂದ ಹಿಡಿದ ದಾರಿ ಬೇರೆ. ಅಲ್ಲಿ ಮಹಿಳಾ ಸಂಘಗಳ ಮೂಲಕ, ಅನುಭವಿ ರೈತರನ್ನೇ ಗುರುಗಳನ್ನಾಗಿ ಮಾಡಿ ತುಂಡುತುಂಡಾಗಿ ಹಬ್ಬಿಸಿದರು. ಮುಂಗಾರಿಗೆ ಮೊದಲೇ ನವಧಾನ್ಯ ಚೆಲ್ಲಿ ನೆಲವನ್ನು ಹಸಿರಾಗಿಡುವ ಅವರ ಪದ್ಧತಿ ಎರೆ ಹೊಲಗಳಲ್ಲೂ ಪರೀಕ್ಷಿಸಿ ನೋಡತಕ್ಕದ್ದು.

ಇನ್ನೂ ಹತ್ತಿರದ ಉದಾಹರಣೆ ಇದೆ. ಶಿಗ್ಗಾವಿ ಗಡಿಗೆ ಅಂಟಿಕೊಂಡ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ಸಾವೆಯಂಥ ಸಿರಿಧಾನ್ಯಗಳ ದೇಸಿ ಬೀಜ ಕೂಡಿಟ್ಟರು, ಬೀಜಬ್ಯಾಂಕ್ ಕಟ್ಟಿದರು, ಸೌರಶಕ್ತಿಯ ಸಂಸ್ಕರಣಾ ಘಟಕ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಇಲ್ಲಿ ಗಮನಿಸಬೇಕಾದದ್ದು ಘಟಕವನ್ನು. ಸಾವೆಯ ಸಿಪ್ಪೆ ಬಿಡಿಸುವ ಕಷ್ಟಕ್ಕೇ ಎಷ್ಟೋ ಮನೆಗಳು ಅದನ್ನು ಕೈಬಿಟ್ಟಿದ್ದವು. ಯಂತ್ರ ಊರಿಗೆ ಬಂದಾಗ ಬೆಳೆಯೂ ಹೊಲಕ್ಕೆ ಮರಳಲು ದಾರಿಯಾಯಿತು.

ಯಾರ ಹೊಲ, ಎಷ್ಟು ವರ್ಷ

ತೀರ್ಥದಲ್ಲಿ ತುಂಬಿಕೊಂಡದ್ದು ತಿಳಿವಳಿಕೆಯ ಕೊರತೆಯಲ್ಲ, ಏರ್ಪಾಟಿನ ಕೊರತೆ. ನಾಲ್ಕು ತಾಲ್ಲೂಕುಗಳ ಕಥೆಯೂ ಅದೇ. ಅರವತ್ತು ದಾಟಿದ ರೈತನಿಗೆ ಅಕ್ಕಡಿ ಸಾಲು, ತಿಪ್ಪೆಗೊಬ್ಬರದ ಪಾಠ ಬೇಕಿಲ್ಲ. ಅವನಿಗಿಲ್ಲದಿರುವುದು ದನ, ಆಳು, ಕೊಳ್ಳುವವರು ಮತ್ತು ಕಾಯುವ ಶಕ್ತಿ.

ದನದ ಲೆಕ್ಕವನ್ನೇ ನೋಡಿ. ಒಂದು ಹಸು ದಿನಕ್ಕೆ ಸುಮಾರು 10 ಕೆ.ಜಿ. ಸೆಗಣಿ ಹಾಕಿದರೆ ವರ್ಷಕ್ಕೆ ಮೂರೂವರೆ ಟನ್ ಹಸಿ ಸೆಗಣಿ. ಕಳಿತು ಗೊಬ್ಬರವಾಗುವಾಗ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಐದೆಕರೆಗೆ ಒಂದು ಹಸು ಯಾವ ಲೆಕ್ಕಕ್ಕೂ ಸಾಲದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಹೋದವು. ದೀಪಾವಳಿಯ ಹೊತ್ತಿಗೆ ಹಾನಗಲ್, ಹಿರೇಕೆರೂರಿನ ಊರುಗಳಲ್ಲಿ ಕೊಬ್ಬರಿ ಕಟ್ಟಿಕೊಂಡು ಓಡುವ ಹೋರಿಗಳ ಮೇಲೆ ಹುಡುಗರಿಗಿರುವ ಪ್ರೀತಿ ಮಾತ್ರ ಇಂಗಿಲ್ಲ. ಬಂಕಾಪುರದ ಕೋಟೆಯೊಳಗೆ, ನವಿಲುಗಳ ನಡುವೆ, ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಇದೆ. ಈ ಪ್ರೀತಿ, ಈ ಕೇಂದ್ರ, ಹೊಲದ ಗೊಬ್ಬರ ಮೂರನ್ನೂ ಒಂದೇ ದಾರಕ್ಕೆ ಪೋಣಿಸುವ ಯೋಜನೆ ಬೇಕು. ಬೇಸಿಗೆಯಲ್ಲಿ ಬರುವ ಕುರುಬರ ಮಂದೆಗೆ ಮೇವು, ನೀರು, ತಂಗುವ ಜಾಗವನ್ನು ಗ್ರಾಮ ಪಂಚಾಯಿತಿ ಖಾತ್ರಿ ಮಾಡಿದರೆ ಅದು ಗೊಬ್ಬರಕ್ಕೆ ಕೊಟ್ಟ ಸಬ್ಸಿಡಿಗೆ ಸಮ.

ಎಲ್ಲಕ್ಕಿಂತ ಗಟ್ಟಿ ಗಂಟು ಲಾವಣಿಯದು, ಅಂದರೆ ಗೇಣಿಯದು. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿಷೇಧವಿದೆ. ಗೇಣಿದಾರನಿಗೆ ನೆಲ ಕೊಡಿಸಿದ ದೊಡ್ಡ ಕಾನೂನು ಅದು. ಆದರೆ ಹಳ್ಳಿಗಳಲ್ಲಿ ಲಾವಣಿ ನಿಂತಿಲ್ಲ, ಬಾಯಿಮಾತಿಗೆ, ಒಂದು ವರ್ಷದ ಲೆಕ್ಕಕ್ಕೆ ಇಳಿದಿದೆ. ಊರು ಬಿಟ್ಟು ನಗರ ಸೇರಿದವರ ಹೊಲವನ್ನು ಮಾಡುವವನ ಹೆಸರು ಪಹಣಿಯಲ್ಲಿರುವುದಿಲ್ಲ. ಯೋಜನೆಯ ಹಣ ಅವನಿಗೆ ತಲುಪುವುದು ಕಷ್ಟ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ತಿಳಿಯದವನು ಯಾರಿಗಾಗಿ ಮಣ್ಣು ಕಟ್ಟಬೇಕು? ಅವನು ಯೂರಿಯಾ ಚೆಲ್ಲಿ, ಸಿಕ್ಕಷ್ಟು ತೆಗೆಯುತ್ತಾನೆ. ಮಣ್ಣು ಸುಧಾರಿಸಲು ಮೂರರಿಂದ ಐದು ವರ್ಷ ಬೇಕು, ಲಾವಣಿ ಒಂದೇ ವರ್ಷದ್ದು. ನೆಲದೊಡೆಯನ ಹಕ್ಕಿಗೆ ಕುಂದು ಬಾರದಂತೆ, ಮಾಡುವವನ ಕಾಲಾವಧಿಗೆ ಭದ್ರತೆ ಸಿಗುವಂತೆ ಐದು ವರ್ಷದ ಬರವಣಿಗೆಯ ಒಪ್ಪಂದಕ್ಕೆ ದಾರಿ ತೆರೆಯುವುದು ನೂರು ತರಬೇತಿ ಶಿಬಿರಗಳಿಗಿಂತ ದೊಡ್ಡ ಕೆಲಸ.

ಮೂರನೆಯದು ನಡುವಿನ ವರ್ಷಗಳ ನಷ್ಟ. ಚೀಲ ಕಡಿಮೆ ಮಾಡಿದ ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯುವ ಸಂಭವ ಹೆಚ್ಚು. ಆ ನಷ್ಟವನ್ನು ರೈತನೊಬ್ಬನೇ ಹೊರಬೇಕೆಂಬುದು ಅನ್ಯಾಯ. ಇಂಗಿದ ನೀರು ಊರಿನ ಕೊಳವೆಬಾವಿಗೆ ಹೋಗುತ್ತದೆ, ಹೂಳು ತುಂಬದ ಕೆರೆ ಎಲ್ಲರದು, ವಿಷವಿಲ್ಲದ ಮೆಣಸಿನಕಾಯಿ ಊಟ ಮಾಡುವವರದು. ಸಿರಿಧಾನ್ಯಕ್ಕೆ ಹೆಕ್ಟೇರಿಗೆ ಇಷ್ಟು ಎಂದು ಕೊಡಲು ಸಾಧ್ಯವಾದ ಮೇಲೆ, ಬೇಸಿಗೆಯಲ್ಲಿ ನೆಲ ಮುಚ್ಚಿಟ್ಟವರಿಗೆ, ದಂಟು ಸುಡದವರಿಗೆ, ಕಾಳಿನ ಸಾಲು ಬಿಟ್ಟವರಿಗೆ ಕೊಡುವುದೂ ಸಾಧ್ಯ.

ಅಲ್ಲಿಯವರೆಗೆ ಐದೆಕರೆಯ ರೈತನಿಗೆ ಹೇಳಬಹುದಾದದ್ದು ಒಂದು ಎಕರೆಯ ಮಾತು. ಬದುವಿಗೆ ಹತ್ತಿರದ ಎಕರೆ. ಗೋವಿನಜೋಳದ ನಡುವೆ ತೊಗರಿ ಸಾಲು, ಮುರಿದ ಮೇಲೆ ದಂಟನ್ನು ಅಲ್ಲೇ ಹಾಸುವುದು, ಹಸಿಯಿದ್ದರೆ ಹಿಂಗಾರಿಗೆ ಕಡಲೆ, ಬೇಸಿಗೆಯಲ್ಲಿ ಸಾಧ್ಯವಾದರೆ ಎರಡು ರಾತ್ರಿ ಕುರಿ. ಉಳಿದ ನಾಲ್ಕು ಎಕರೆ ಮನೆ ನಡೆಸಲಿ.

ಸೀಗಿ ಹುಣ್ಣಿಮೆಯಂದು ಈ ಭಾಗದ ಮನೆಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಸೀಮಂತದ ಹಾಗೆ ಪೂಜೆ ಮಾಡಿ, ಚರಗ ಚೆಲ್ಲುತ್ತವೆ. ನಗರದಿಂದ ಬಂದ ಮಕ್ಕಳೂ ಅಂದು ಹೊಲದಲ್ಲಿರುತ್ತಾರೆ. ಊಟವಾದ ಮೇಲೆ ಎರಡು ಲೋಟ ತೆಗೆದು, ಆ ಎಕರೆಯ ನಡುವಿನ ಹೆಂಟೆ ಒಂದು, ಬದುವಿನದು ಒಂದು ನೀರಿಗೆ ಬಿಡಿಸಬಹುದು. ಹೊಲದ ಹೆಂಟೆ ಕರಗಲು ಎಷ್ಟು ನಿಮಿಷ ಹಿಡಿಯಿತೆಂದು ಮಕ್ಕಳ ಕೈಯಲ್ಲೇ ಕಟ್ಟೆಯ ಕಲ್ಲಿನ ಮೇಲೆ ಗೀಚಿಸಿಟ್ಟರೆ, ಮುಂದಿನ ಸೀಗಿ ಹುಣ್ಣಿಮೆಗೆ ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಲು ಅವರು ಮತ್ತೆ ಬರಬೇಕಾಗುತ್ತದೆ.